ಊರಿನವರು ಹೋಟೆಲಿಗೆ ಹೋಗಿ ಏನು ತಿಂತಾರೆ?

ಶಿರಸಿಗೆ ಹೋಗಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಏನೇನು ತಿಂದ್ರಿ?" ಯಾಣ ನೋಡಿದ್ರಾ, ಬನವಾಸಿ ನೋಡಿದ್ರಾ ಅನ್ನುವುದೆಲ್ಲ ಆಮೇಲೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬೆಳಿಗ್ಗೆ ಮಿಸಳ್ ಭಾಜಿ ತಿಂದೆವು, ಬನ್ಸ್ ತಿಂದೆವು. ಮಧ್ಯಾಹ್ನ ಅನ್ನ, ಸಾಂಬಾರು, ಪಲ್ಯ. ರಾತ್ರಿ ಮಳೆಯಲ್ಲಿ ಗಾಡಿಯ ಪಕ್ಕ ನಿಂತು ಗೋಬಿ ಮಂಚೂರಿ. ಕೇಳಿದವರ ಮುಖ ಸಪ್ಪಗಾಗುತ್ತದೆ. "ಅಯ್ಯೋ, ಶಿರಸಿಗೆ ಹೋಗಿ ಗೋಬಿನಾ? ತಂಬುಳಿ ಸಿಗ್ಲಿಲ್ವಾ? ಅಪ್ಪೆಹುಳಿ? ತೊಡೆದೇವು?" ಸೊಪ್ಪಿನ ತಂಬುಳಿ, ಮಾವಿನಕಾಯಿಯ ಹುಳಿಸಾರಾದ ಅಪ್ಪೆಹುಳಿ, ಕಬ್ಬಿನ ಹಾಲಿನ ತೊಡೆದೇವು, ಮೂರೂ ಆ ಕಡೆಯ ಮನೆಗಳ ಅಡುಗೆ. ಕೇಳುವವರ ದನಿಯಲ್ಲಿ ಕನಿಕರ ಇರುತ್ತದೆ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದರಲ್ಲ ಪಾಪ, ಅನ್ನುವ ಕನಿಕರ. ಅದನ್ನು ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಬೇರೆಯೇ ಒಂದು ಯೋಚನೆ ಹತ್ತಿಕೊಂಡಿತು. ಒಂದು ಊರಿನ ಊಟ ಅಂತ ನಾವು ಯಾವುದನ್ನು ಕರೆಯುತ್ತೇವೋ ಅದು ಆ ಊರಿನ ಹೋಟೆಲಿನಲ್ಲಿ ಯಾಕೆ ಇರಬೇಕು? ಇದ್ದೇ ಇರುತ್ತದೆ ಅಂತ ನಮಗೆ ಹೇಳಿದವರು ಯಾರು?

ನಾವು ಹೋದದ್ದು ಜುಲೈನಲ್ಲಿ, ವಾರದ ನಡುವೆ ರಜೆ ಹಾಕಿ. ಹಿಡಿದ ಮಳೆ ಬಿಡಲೇ ಇಲ್ಲ. ಶಾಲ್ಮಲಾ ಹೊಳೆಯ ಸಹಸ್ರಲಿಂಗ ನೋಡಲು ಹೋದರೆ ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದ ಲಿಂಗಗಳೆಲ್ಲ ಕೆಂಪು ನೀರಿನ ಅಡಿಗೆ ಹೋಗಿದ್ದವು. ತೂಗುಸೇತುವೆಯ ಮೇಲೆ ನಿಂತು ಬರೀ ನೀರು ನೋಡಿ ಬಂದೆವು. ಯಾಣದ ದಾರಿಯಲ್ಲಿ ಬಂಡೆ ನೋಡಿದ್ದಕ್ಕಿಂತ ಕಾಲಿನ ಉಂಬಳ ಕಿತ್ತದ್ದೇ ಜಾಸ್ತಿ. ಬನವಾಸಿಯ ಮಧುಕೇಶ್ವರ ಗುಡಿಯೊಳಗೆ ಮಾತ್ರ ಮಳೆಯ ಕಾಟ ಇರಲಿಲ್ಲ, ಅಲ್ಲಿ ಹಾಯಾಗಿ ಕೂತಿದ್ದೆವು. ಮಿಕ್ಕ ಹೊತ್ತೆಲ್ಲ ಊರೊಳಗೇ, ಕೊಡೆ ಹಿಡಿದುಕೊಂಡು, ಮುಂದಿನ ತಿಂಡಿ ಎಲ್ಲಿ ಅಂತ ಯೋಚಿಸುತ್ತಾ.

ಸ್ಟಾರ್ ನೋಡುವವರು, ಕೇಳುವವರು

ಹೋಟೆಲ್ ಹುಡುಕುವ ವಿಷಯದಲ್ಲಿ ಗಂಡ ಹೆಂಡತಿ ನಮ್ಮಿಬ್ಬರಿಗೂ ಮೊದಲಿನಿಂದ ಆಗಿಬರುವುದಿಲ್ಲ. ಇವರು ಫೋನ್ ತೆಗೆಯುತ್ತಾರೆ. ಮ್ಯಾಪಿನಲ್ಲಿ ಎಷ್ಟು ಸ್ಟಾರ್ ಇದೆ, ಎಷ್ಟು ಜನ ಬರೆದಿದ್ದಾರೆ, ಫೋಟೋದಲ್ಲಿ ದೋಸೆ ಹೇಗೆ ಕಾಣುತ್ತದೆ, ಎಲ್ಲ ನೋಡಿ ತೀರ್ಮಾನ ಮಾಡುತ್ತಾರೆ. ನನಗೆ ಯಾರನ್ನಾದರೂ ಕೇಳಬೇಕು. ಆಟೋದವರು, ಲಾಡ್ಜಿನ ಹುಡುಗ, ಮೆಡಿಕಲ್ ಶಾಪಿನವರು, ಯಾರಾದರೂ ಸರಿ.

ಇವರ ದಾರಿಯ ತೊಂದರೆ ಮೊದಲ ದಿನವೇ ಗೊತ್ತಾಯಿತು. ಸಣ್ಣ ಊರಿನಲ್ಲಿ ಊರಿನವರು ಹೋಟೆಲಿಗೆ ಸ್ಟಾರ್ ಕೊಡುವುದಿಲ್ಲ. ಯಾಕೆ ಕೊಡಬೇಕು? ಇಪ್ಪತ್ತು ವರ್ಷದಿಂದ ದಿನಾ ಟೀ ಕುಡಿಯುವ ಜಾಗದ ಬಗ್ಗೆ ಯಾರಿಗೆ ಏನು ಹೇಳುವುದಿದೆ? ಬರೆಯುವವರೆಲ್ಲ ನಮ್ಮ ಹಾಗೆ ದಾರಿಯಲ್ಲಿ ಇಳಿದವರು. "ಪಾರ್ಕಿಂಗ್ ಚೆನ್ನಾಗಿದೆ", "ಟಾಯ್ಲೆಟ್ ಕ್ಲೀನ್", "ಜೋಗಕ್ಕೆ ಹೋಗುವಾಗ ಒಳ್ಳೆ ಸ್ಟಾಪ್". ಓದುತ್ತಾ ಹೋದರೆ ಆ ಊರಿನ ಬಗ್ಗೆ ಏನೂ ತಿಳಿಯುವುದಿಲ್ಲ, ಹೈವೇ ಬಗ್ಗೆ ತಿಳಿಯುತ್ತದೆ. ಜಾಸ್ತಿ ಸ್ಟಾರ್ ಇದ್ದ ಜಾಗಕ್ಕೆ ಹೋದರೆ ಮೆನು ಕಾರ್ಡೇ ಹತ್ತು ಪುಟ. ಪನೀರ್ ಬಟರ್ ಮಸಾಲ, ಶೆಜ್ವಾನ್ ನೂಡಲ್ಸ್, ಕೊನೆಯ ಪುಟದಲ್ಲಿ ಇಡ್ಲಿ ವಡೆ. ನಮ್ಮ ಮನೆಯ ಹತ್ತಿರದ ರಸ್ತೆಯಲ್ಲಿ ಕೂತ ಹಾಗೇ ಇತ್ತು.

ನನ್ನ ದಾರಿಯ ತೊಂದರೆ ಸ್ವಲ್ಪ ಮಜವಾಗಿದೆ. ಸಣ್ಣ ಊರಿನಲ್ಲಿ ಯಾರನ್ನು ಕೇಳಿದರೂ ಅವರು ಮೊದಲು ನಮ್ಮನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡುತ್ತಾರೆ. ಶೂ ನೋಡುತ್ತಾರೆ, ಬ್ಯಾಗ್ ನೋಡುತ್ತಾರೆ, ಗಂಡ ಹೆಂಡತಿ ಇಬ್ಬರೇ ಬಂದಿದ್ದಾರೆ ಅನ್ನುವುದನ್ನು ನೋಡುತ್ತಾರೆ. ಆಮೇಲೆ ನಮಗೆ ಯಾವುದು ಸರಿಹೋಗುತ್ತದೆ ಅಂತ ಅವರಿಗೆ ಅನಿಸುತ್ತದೋ ಅಲ್ಲಿಗೆ ಕಳಿಸುತ್ತಾರೆ. "ಫ್ಯಾಮಿಲಿ ರೂಮ್ ಉಂಟು, ಎಸಿ ಉಂಟು, ಅಲ್ಲೇ ಹೋಗಿ." ಅದು ಮರ್ಯಾದೆ. ಬೇಡ ಅನ್ನಲು ಆಗುವುದಿಲ್ಲ. ಎರಡು ಸಲ ಹಾಗೆ ಆದ ಮೇಲೆ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. ಎಲ್ಲಿ ಚೆನ್ನಾಗಿದೆ ಅಂತ ಕೇಳುವುದು ಬಿಟ್ಟು, ಲಾಡ್ಜಿನ ಹುಡುಗನನ್ನು "ನೀನು ಎಲ್ಲಿ ತಿಂಡಿ ತಿಂತೀಯಪ್ಪ?" ಅಂದೆ. ತುಂಬಾ ಜಾಣ ಪ್ರಶ್ನೆ ಕೇಳಿದೆ ಅಂದುಕೊಂಡು ಕಾಯುತ್ತಿದ್ದೆ. ಅವನು ಸ್ವಲ್ಪ ಗಲಿಬಿಲಿಯಾಗಿ, "ನಾನು ಮನೇಲೇ ತಿಂದ್ಕಂಡು ಬರ್ತೆ ಅಕ್ಕಾ" ಅಂದ.

ಇವರು ಆ ದಿನವೆಲ್ಲ ನಗುತ್ತಿದ್ದರು. ಆದರೆ ನಾನು ಇಷ್ಟುದ್ದ ಬರೆಯಲು ಹೊರಟದ್ದಕ್ಕೆ ಉತ್ತರದ ಅರ್ಧ ಭಾಗ ಆ ಹುಡುಗನ ಮಾತಿನಲ್ಲೇ ಇತ್ತು.

ಬೆಳಗಿನ ಮಿಸಳ್

ಕೊನೆಗೆ ಮಿಸಳ್ ಸಿಕ್ಕಿದ್ದು ಸುಮ್ನೆ ನಡೆಯುತ್ತಾ. ಬೆಳಿಗ್ಗೆ ಬಾಗಿಲಲ್ಲಿ ಬೈಕುಗಳು ಸಾಲಾಗಿ ನಿಂತಿದ್ದವು, ಒಳಗಿನಿಂದ ಕರಿದ ಎಣ್ಣೆಯ ವಾಸನೆ, ಹೊರಗೆ ಒಂದು ಬಕೆಟ್ಟಿನ ತುಂಬಾ ಒದ್ದೆ ಕೊಡೆಗಳು. ಹೋಟೆಲಿನ ಹೆಸರು ಬರೆಯುತ್ತಿಲ್ಲ. ಅದರ ಬೋರ್ಡಿನ ಅಕ್ಷರ ಅಳಿಸಿಹೋಗಿದೆ, ಊರಿನವರು ಯಜಮಾನರ ಹೆಸರು ಹೇಳಿಯೇ ಕರೆಯುತ್ತಾರೆ. ಒಳಗೆ ಹೋದರೆ ಖಾಲಿ ಟೇಬಲ್ ಇಲ್ಲ. ಸಪ್ಲೈಯರ್ ಬೆರಳು ತೋರಿಸಿದ ಕಡೆ ಇಬ್ಬರು ಗಂಡಸರ ಎದುರಿಗೆ ಕೂತೆವು. ಅವರು ಪೇಪರನ್ನು ಸ್ವಲ್ಪ ಮಡಚಿ ನಮಗೆ ಜಾಗ ಮಾಡಿದರು, ಮಾತಾಡಲಿಲ್ಲ, ನೋಡಲೂ ಇಲ್ಲ. ಬೆಂಗಳೂರಿನಲ್ಲಿ ನಾವು ಊಟಕ್ಕೆ ಹೊರಗೆ ಹೋದರೆ ಎದುರುಬದುರು ಕೂರುವವರು. ಇಲ್ಲಿ ಪಕ್ಕಪಕ್ಕ ಕೂತು, ಇಬ್ಬರೂ ಅಪರಿಚಿತರ ಪ್ಲೇಟ್ ನೋಡುತ್ತಾ ನಮಗೇನು ಬೇಕು ಅಂತ ನಿರ್ಧಾರ ಮಾಡಿದೆವು. ಮೆನು ಕಾರ್ಡ್ ಅಂತ ಇದ್ದದ್ದು ಆ ಪ್ಲೇಟುಗಳೇ.

ಮಿಸಳ್ ಭಾಜಿ, ಬನ್ಸ್, ಶಿರಾ, ಅವಲಕ್ಕಿ. ಮೈಸೂರು ಕಡೆಯಲ್ಲಿ ಬೆಳೆದ ನನಗೆ ಬೆಳಗಿನ ತಿಂಡಿ ಅಂದರೆ ಇಡ್ಲಿ, ದೋಸೆ, ಖಾರಾಬಾತ್. ಇದು ಬೇರೆ ನಾಡಿನ ಪ್ಲೇಟ್. ಬೇರೆ ನಾಡಿನದ್ದು ಅನ್ನುವುದು ಒಂದು ಲೆಕ್ಕದಲ್ಲಿ ನಿಜವೂ ಹೌದು. ಉತ್ತರ ಕನ್ನಡ ಜಿಲ್ಲೆಯನ್ನು ಬ್ರಿಟಿಷರು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ರಾಜ್ಯ ಒಂದಾಗುವವರೆಗೆ ಶಿರಸಿಯ ಕಚೇರಿ, ಕೋರ್ಟು, ವ್ಯಾಪಾರ ಎಲ್ಲದರ ಮುಖ ಮುಂಬೈ ಕಡೆಗೇ ಇತ್ತು. ಕಾಳಿನ ಉಸಳಿಯ ಮೇಲೆ ಸೇವು, ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ನಿಂಬೆಹೋಳು. ಅದರ ಜೊತೆಗೇ ಬಾಳೆಹಣ್ಣು ಹಾಕಿ ಕರಿದ ಬನ್ಸ್, ಅದು ಕರಾವಳಿಯ ಕೆಳಗಿನಿಂದ ಬಂದದ್ದು. ಆಡಳಿತ ಹೋಗಿ ಎಷ್ಟೋ ಕಾಲವಾಯಿತು, ಸೇವು ಮಾತ್ರ ಪ್ಲೇಟಿನಲ್ಲಿ ಉಳಿದಿದೆ.

ಇವರು ಮೊದಲ ತುತ್ತಿಗೇ ಸೋತರು. ಸಾಮಾನ್ಯವಾಗಿ ತಿಂಡಿಯ ಬಗ್ಗೆ ಏನೂ ಹೇಳದ ಮನುಷ್ಯ ಇನ್ನೊಂದು ಪ್ಲೇಟ್ ಹೇಳಿದರು. ನಾನು ಆಗಲೇ ನಾಳೆ ಎಲ್ಲಿಗೆ ಹೋಗೋಣ ಅಂತ ಯೋಚಿಸುತ್ತಿದ್ದೆ. ಇದೂ ನಮ್ಮಿಬ್ಬರ ಹಳೇ ಜಗಳ. ನನಗೆ ಪ್ರತಿ ಹೊತ್ತು ಹೊಸ ಜಾಗ ಬೇಕು, ಇವರಿಗೆ ಚೆನ್ನಾಗಿದ್ದ ಕಡೆಗೇ ಮತ್ತೆ ಹೋಗಬೇಕು. "ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಬೇರೆ ಕಡೆ ಹೋಗೋದು ಯಾವ ನ್ಯಾಯ ಕಣೇ?" ಅಂತ ಇವರು. "ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂತ ನಾನು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಹೋಗುವವರಿಗೆ ಉಪಯೋಗಕ್ಕೆ ಬಂದೀತು. ಸಣ್ಣ ಊರಿನ ಹೋಟೆಲಿಗೆ ಗಡಿಯಾರ ಇದೆ. ಬನ್ಸ್ ಹತ್ತು ಗಂಟೆಯ ಮೇಲೆ ಸಿಗುವುದು ಅದೃಷ್ಟ. ಊಟ ಹನ್ನೆರಡೂವರೆಗೆ ಶುರುವಾದರೆ ಎರಡೂವರೆಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತದೆ. ನಾಲ್ಕಕ್ಕೆ ಬಜ್ಜಿ. ಪ್ರವಾಸಿಗರು ಜಲಪಾತ ನೋಡಿಕೊಂಡು ಮೂರೂವರೆಗೆ ಹಸಿದು ಬರುತ್ತಾರೆ, ಆಗ ತೆರೆದಿರುವುದು ಹತ್ತು ಪುಟದ ಮೆನು ಇರುವ ಜಾಗ ಮಾತ್ರ. ಆಮೇಲೆ ಊರಿನಲ್ಲಿ ಏನೂ ಚೆನ್ನಾಗಿಲ್ಲ ಅಂತ ಬರೆಯುತ್ತಾರೆ. ಯಾಣದ ದಿನ ನಮ್ಮದೂ ಅದೇ ಕಥೆ.

ಒಲೆಯ ಮೇಲೆ ಇಡಲಾಗದ್ದು

ಈ ಪ್ರವಾಸದಲ್ಲಿ ನನಗೆ ನಿಜವಾಗಿ ಉಳಿದದ್ದು ಒಂದು ಮಧ್ಯಾಹ್ನ. ಮೆಸ್ ಅಂತ ಸಣ್ಣ ಬೋರ್ಡ್ ಇತ್ತು. ಮನೆಯ ಮುಂದಿನ ಹಾಲ್‌ನಲ್ಲಿ ಟೇಬಲ್ ಹಾಕಿದ್ದರು, ಹಿಂದೆ ಅಡುಗೆಮನೆ. ಗಲ್ಲಾದಲ್ಲಿ ಯಜಮಾನರು, ಬಡಿಸುವುದಕ್ಕೆ ಒಬ್ಬ ಹುಡುಗ, ಒಳಗಿನಿಂದ ಪಾತ್ರೆ ತುಂಬಿ ಕೊಡುವುದಕ್ಕೆ ಅವರ ಹೆಂಡತಿ. ನಾವು ಹೋದಾಗ ಎರಡು ಗಂಟೆಯಾಗಿತ್ತು. ಬ್ಯಾಂಕಿನವರು, ಅಡಿಕೆ ವಖಾರಿಯ ಕೆಲಸದವರು, ಹಾಸ್ಟೆಲಿನ ಹುಡುಗರು ಎಲ್ಲ ಉಂಡು ಎದ್ದು ಹೋಗಿದ್ದರು. ಕುಚ್ಚಲಕ್ಕಿ ಅನ್ನ ಬೇಕಾ, ಬೆಳ್ತಿಗೆ ಬೇಕಾ ಅಂತ ಹುಡುಗ ಕೇಳಿದ. ಸಾಂಬಾರು, ಬೀನ್ಸ್ ಪಲ್ಯ, ಸಾರು, ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಸಾರು ಎಷ್ಟು ಚೆನ್ನಾಗಿತ್ತು ಅಂದರೆ ನಾನು ಮೂರು ಸಲ ಹಾಕಿಸಿಕೊಂಡೆ. ಸಾರಿನ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದು ಕಷ್ಟ. ಒಳ್ಳೆ ಸಾರು ಬಾಯಲ್ಲಿ ಇದ್ದಾಗ ಮಾತ್ರ ಇರುತ್ತದೆ.

ಕೈ ತೊಳೆದು ಬರುವಾಗ ಆ ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಸಾಕಾತಾ ತಂಗಿ ಊಟ?" ಅಂದರು. ಚೆನ್ನಾಗಿತ್ತಮ್ಮಾ ಅಂತ ಹೇಳಿ, ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ನೀವು ತಂಬುಳಿ ಮಾಡೋದಿಲ್ವಾ ಇಲ್ಲಿ?"

ಅವರಿಗೆ ನಗು ಬಂತು. "ಇಲ್ಲಿ ಯಾರಿಗೆ ಮಾಡೂದು ತಂಗಿ? ಈ ಊರಿನವ್ರು ಮನೇಲಿ ದಿನಾ ಅದ್ನೇ ಉಣ್ತಾರೆ. ಇಲ್ಲಿ ಬಂದು ಅದಕ್ಕೆ ದುಡ್ಡು ಕೊಡ್ತಾರಾ? ಹೊರಗಿಂದ ಬಂದು ನೌಕರಿ ಮಾಡೋರಿಗೆ ಅದು ಸೇರೂದಿಲ್ಲ. ಸಾಂಬಾರೇ ಬೇಕು ಅವ್ರಿಗೆ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಾರಣ ಹೇಳಿದರು. ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ. "ಮತ್ತೆ ಅದನ್ನ ಇಡಲಿಕ್ಕೆ ಆಗೂದಿಲ್ಲ. ಹನ್ನೆರಡಕ್ಕೆ ಮಾಡಿದ್ರೆ ಎರಡಕ್ಕೆ ಹುಳಿ. ಸಾಂಬಾರಾದ್ರೆ ಮತ್ತೊಂದು ಕುದಿ ಕುದಿಸಿದ್ರೆ ಆತು."

ಯೋಚಿಸಿ ನೋಡಿ. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಯಲ್ಲಿ ಕಲೆಸಿದರೆ ತಂಬುಳಿ. ಕುದಿಸುವ ಹಾಗಿಲ್ಲ. ಕುದಿಸಿದರೆ ಅದು ತಂಬುಳಿಯೇ ಅಲ್ಲ. ಹೋಟೆಲಿನ ಕೆಲಸ ಪೂರ್ತಿ ನಿಂತಿರುವುದು ಬೆಂಕಿಯ ಮೇಲೆ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನಕ್ಕೂ ಉಳಿಸಿಕೊಳ್ಳಬೇಕು, ಎಷ್ಟು ಜನ ಬರುತ್ತಾರೆ ಅಂತ ಗೊತ್ತಿಲ್ಲದೆ ಮಾಡಬೇಕು, ಕಡಿಮೆಯಾದರೆ ನೀರು ಸೇರಿಸಿ ಕುದಿಸಿ ಹಿಗ್ಗಿಸಬೇಕು. ಸಾಂಬಾರು ಇದಕ್ಕೆಲ್ಲ ಒಪ್ಪುತ್ತದೆ, ದೋಸೆಹಿಟ್ಟು ಒಪ್ಪುತ್ತದೆ. ಹಿತ್ತಲಿಗೆ ಹೋಗಿ ಒಂದು ಹಿಡಿ ಒಂದೆಲಗ ಕಿತ್ತು ತಂದು, ಉಣ್ಣುವವರನ್ನು ಎಣಿಸಿ, ಅಷ್ಟಕ್ಕೇ ಮಾಡುವ ಅಡುಗೆ ಒಪ್ಪುವುದಿಲ್ಲ. ದಿನಾ ನೂರು ಜನಕ್ಕೆ ಬೇಕಾಗುವಷ್ಟು ಒಂದೆಲಗವನ್ನು ಯಾವ ಹಿತ್ತಲಿನಿಂದ ತರುವುದು?

ನಾವು ಮಾತಾಡುತ್ತಾ ನಿಂತಿದ್ದಾಗ ಹುಡುಗ ಒಳಗೆ ಮನೆಯವರಿಗೆಲ್ಲ ಬಾಳೆಲೆ ಹಾಕುತ್ತಿದ್ದ. ಅಮ್ಮ ಒಳಗೆ ತಿರುಗಿ ನೋಡಿ, "ನಮಗೆ ಉಣ್ಣಲಿಕ್ಕೆ ಒಂದೆಲಗದ್ದು ಒಂಚೂರು ಮಾಡ್ಕಂಡಿದ್ದೆ ಇವತ್ತು" ಅಂದರು. ನೆಲದ ಮೇಲೆ ಸ್ಟೀಲ್ ಬೋಗುಣಿ ಕಾಣುತ್ತಿತ್ತು, ತಿಳಿಹಸಿರು ಬಣ್ಣ. ನಾನು "ಸರಿ ಅಮ್ಮಾ, ನೀವು ಊಟ ಮಾಡಿ, ತಡವಾಯ್ತು" ಅಂದೆ. ಅವರು "ಹೌದು, ಹಸಿವೆ ಆತು" ಅಂತ ಒಳಗೆ ಹೋದರು.

ಹೊರಗೆ ಬಂದು ಕೊಡೆ ಬಿಚ್ಚುವಾಗ ಇವರು, "ಒಂದು ಲೋಟ ಕೇಳಬಹುದಿತ್ತಲ್ಲ? ಖುಷಿಯಿಂದ ಕೊಡ್ತಿದ್ರು" ಅಂದರು.

"ಕೊಡ್ತಿದ್ರು. ಅದಕ್ಕೇ ಕೇಳಲಿಲ್ಲ."

"ಅದೇನು ಲಾಜಿಕ್ಕು? ಎರಡು ದಿನದಿಂದ ಅದನ್ನೇ ಹುಡುಕ್ತಿದ್ದೀಯ."

ಈ ವಾದ ಬಸ್‌ಸ್ಟ್ಯಾಂಡ್‌ವರೆಗೂ ನಡೆಯಿತು, ಇನ್ನೂ ಮುಗಿದಿಲ್ಲ. ಇವರ ಪ್ರಕಾರ ಕೇಳುವುದರಲ್ಲಿ ತಪ್ಪೇನಿಲ್ಲ, ಅಡುಗೆ ಮಾಡಿದವರಿಗೆ ಯಾರಾದರೂ ಆಸೆಪಟ್ಟು ಕೇಳಿದರೆ ಸಂತೋಷವೇ ಆಗುತ್ತದೆ. ನನ್ನ ಪ್ರಕಾರ ಬೆಳಿಗ್ಗೆಯಿಂದ ಊರಿಗೆಲ್ಲ ಬಡಿಸಿ ಕೊನೆಗೆ ಕೂತು ಉಣ್ಣುವವರ ಬೋಗುಣಿಯಲ್ಲಿ ಪಾಲು ಕೇಳುವಷ್ಟು ದೊಡ್ಡ ಆಸೆ ನನ್ನದಾಗಿರಲಿಲ್ಲ. ಅದು ಮಾರಾಟಕ್ಕೆ ಇಟ್ಟದ್ದಲ್ಲ. ಹೋಟೆಲಿಗೂ ಮನೆಗೂ ನಡುವಿನ ಗೆರೆ ಆ ಹೊಸಿಲಿನಲ್ಲಿತ್ತು, ನಾನು ಹೊಸಿಲಿನ ಈಚೆ ಇದ್ದೆ.

ಹೆಸರಿನ ಹಿಂದೆ ಊರು ಇರುವ ತಿಂಡಿಗಳು

ಅವತ್ತು ಸಂಜೆ ಲಾಡ್ಜಿನ ಕಿಟಕಿಯಲ್ಲಿ ಮಳೆ ನೋಡುತ್ತಾ ಒಂದು ಆಟ ಆಡಿದೆವು. ಊರಿನ ಹೆಸರು ಅಂಟಿಕೊಂಡಿರುವ ತಿಂಡಿಗಳನ್ನೆಲ್ಲ ಹೇಳುತ್ತಾ ಹೋಗುವುದು. ಮದ್ದೂರು ವಡೆ, ಧಾರವಾಡ ಪೇಡ, ದಾವಣಗೆರೆ ಬೆಣ್ಣೆ ದೋಸೆ, ಗೋಕಾಕ ಕರದಂಟು, ಬೆಳಗಾವಿ ಕುಂದಾ, ಕುಂದಾಪುರದ ಘೀ ರೋಸ್ಟ್, ಮೇಲುಕೋಟೆ ಪುಳಿಯೋಗರೆ. ಹೇಳಿ ಮುಗಿಸಿದ ಮೇಲೆ ನೋಡಿದರೆ ಇವುಗಳಲ್ಲಿ ಹೆಚ್ಚಿನವು ಮನೆಯಲ್ಲಿ ದೊಡ್ಡವಾದ ತಿಂಡಿಗಳಲ್ಲ. ಮದ್ದೂರು ವಡೆ 1917ರ ಹೊತ್ತಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಶುರುವಾದದ್ದು, ರೈಲು ನಿಂತಷ್ಟೇ ಹೊತ್ತಿನಲ್ಲಿ ಮಾರಬೇಕಾದದ್ದು. ಪೇಡ, ಕರದಂಟು, ಕುಂದಾ ಮಿಠಾಯಿ ಅಂಗಡಿಯವು. ಬೆಣ್ಣೆ ದೋಸೆ ಹೋಟೆಲಿನ ಕಾವಲಿಯದು. ಘೀ ರೋಸ್ಟ್ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಿಂದ ಹೊರಟದ್ದು. ಪುಳಿಯೋಗರೆಗೆ ದೇವಸ್ಥಾನ ಇದೆ, ಗುರುತಿಲ್ಲದ ನೂರಾರು ಜನಕ್ಕೆ ಹಂಚುವ ಇನ್ನೊಂದು ಅಡುಗೆಮನೆ ಅದು.

ಅಂದರೆ ಊರಿನ ಹೆಸರು ಹೊತ್ತುಕೊಂಡು ಓಡಾಡುವುದು ಅಪರಿಚಿತರಿಗೆ ಮಾಡಿದ ತಿಂಡಿ. ಮನೆಯವರಿಗೆ ಮಾಡಿದ್ದಕ್ಕೆ ಊರಿನ ಹೆಸರು ಬೇಕಾಗುವುದಿಲ್ಲ. ಅಪ್ಪೆಹುಳಿಯನ್ನು ಶಿರಸಿ ಅಪ್ಪೆಹುಳಿ ಅಂತ ಶಿರಸಿಯಲ್ಲಿ ಯಾರು ಕರೆಯುತ್ತಾರೆ? ಶಿರಸಿಯ ಹೆಸರು ಅಧಿಕೃತವಾಗಿ ಅಂಟಿಕೊಂಡದ್ದು ಅಡಿಕೆಗೆ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು ಬಂತು. ಅದು ಒಣಗುತ್ತದೆ, ಚೀಲದಲ್ಲಿ ತುಂಬುತ್ತದೆ, ಲಾರಿಯಲ್ಲಿ ಗುಜರಾತಿಗೂ ದೆಹಲಿಗೂ ಹೋಗುತ್ತದೆ.

ಒಣಗುವುದು ಅಂದೆನಲ್ಲ, ಮಾರುಕಟ್ಟೆಗೆ ಬರುವ ಮಲೆನಾಡಿನ ಅಡುಗೆಯ ಗುಟ್ಟು ಅದೇ. ಮಾರನೇ ದಿನ ಟಿಎಸ್‌ಎಸ್ ಸೂಪರ್ ಮಾರ್ಕೆಟ್ಟಿಗೆ ಹೋದೆವು. ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿಕೊಂಡ ಸಹಕಾರಿ ಸಂಘ ಅದು, ಈಗ ಅಕ್ಕಿ ಬೇಳೆಯಿಂದ ಹಿಡಿದು ಎಲ್ಲ ಸಿಗುತ್ತದೆ. ಶಿರಸಿಯಲ್ಲಿ ನಾನು ಹೋಟೆಲ್ ಹೋಟೆಲ್ ಸುತ್ತಿ ಹುಡುಕಿದ್ದರಲ್ಲಿ ಎಷ್ಟೋ ಈ ಥರದ ಅಂಗಡಿಗಳ ಶೆಲ್ಫಿನಲ್ಲಿ ಕೂತಿತ್ತು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಪೇಪರಿಗಿಂತ ತೆಳ್ಳಗಿನ ತೊಡೆದೇವು. ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ ಕಬ್ಬಿನ ಹಾಲು, ಅಕ್ಕಿಹಿಟ್ಟು ಕಲೆಸಿದ್ದನ್ನು ಎಳೆದು ಎಬ್ಬಿಸುವ ಆ ತೊಡೆದೇವು ಮನೆಯದ್ದೇ ತಿಂಡಿ, ಆದರೆ ಗರಿಗರಿಯಾಗಿ ವಾರಗಟ್ಟಲೆ ಉಳಿಯುತ್ತದೆ. ಅದಕ್ಕೇ ಹೊಸಿಲು ದಾಟಿ ಅಂಗಡಿಗೆ ಬಂತು. ಒದ್ದೆಯಾದದ್ದು, ತಣ್ಣಗಿರಬೇಕಾದದ್ದು, ಆಗಲೇ ಉಣ್ಣಬೇಕಾದದ್ದು ಒಳಗೇ ಉಳಿಯಿತು.

ಇನ್ನೊಂದು ತಮಾಷೆ ಇದೆ. ಬೆಂಗಳೂರಿನಲ್ಲಿ ಮಲೆನಾಡು ಶೈಲಿಯ ಹೋಟೆಲುಗಳಲ್ಲಿ ತಂಬುಳಿ ಆರಾಮಾಗಿ ಸಿಗುತ್ತದೆ. ಶಿರಸಿ, ಸಿದ್ದಾಪುರ, ಸಾಗರದ ಮಕ್ಕಳು ಐಟಿ ಕಂಪನಿ ಸೇರಿ ಪೀಜಿಗಳಲ್ಲಿ ಇರುವ ಊರು ಇದು. ಇಲ್ಲಿ ಅವರಿಗೆ ಹಿತ್ತಲೂ ಇಲ್ಲ, ರುಬ್ಬಿ ಕೊಡುವವರೂ ಇಲ್ಲ. ಆದ್ದರಿಂದ ಅದಕ್ಕೆ ರೇಟ್ ಹಾಕಬಹುದು. ಶಿರಸಿಯ ಹೋಮ್‌ಸ್ಟೇಗಳಲ್ಲೂ ಬಡಿಸುತ್ತಾರಂತೆ, ಅಲ್ಲಿಗೆ ಬರುವುದೂ ನಮ್ಮಂಥವರೇ. ಇದರಲ್ಲಿ ಮೋಸ ಏನೂ ಇಲ್ಲ, ನಾನೂ ಮುಂದಿನ ಸಲ ಹೋಮ್‌ಸ್ಟೇ ಹಿಡಿಯಬಹುದು. ಆದರೆ ಅದನ್ನು ಊರಿನವರು ತಿನ್ನುವ ಜಾಗ ಅಂತ ಅಂದುಕೊಳ್ಳುವುದು ಬೇಡ.

ಮಳೆಗಾಲದ ಮೀನು, ಮಳೆಯಲ್ಲಿ ಗೋಬಿ

ಹಾಗಾದರೆ ಊರಿನವರು ಹೊರಗೆ ತಿನ್ನುವುದಾದರೂ ಏನು? ಇವರಿಗೆ ಮೀನಿನ ಆಸೆ ಇತ್ತು. ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಮೀನು ಶಿರಸಿಗೆ ಬರುತ್ತದೆ. ಆದರೆ ನಾವು ಹೋದದ್ದು ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಅದು ಮೀನು ಮೊಟ್ಟೆಯಿಡುವ ಕಾಲ. ಮೀನೂಟದ ಹೋಟೆಲಿನವರು ಮುಚ್ಚುಮರೆ ಇಲ್ಲದೆ ಹೇಳಿದರು, "ಈಗ ಐಸಿನದ್ದು ಇರೂದು. ಒಣಮೀನು ಬೇಕಾದ್ರೆ ಉಂಟು. ಆಗಸ್ಟಿಗೆ ಬನ್ನಿ." ಗಿರಾಕಿಗೆ ಇವತ್ತು ಬೇಡ ಅನ್ನುವ ಹೋಟೆಲ್ ನೋಡಿ ನನಗೆ ಖುಷಿಯಾಯಿತು, ಇವರಿಗೆ ಆಗಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಹೊರಗೆ ಬಂದಾಗ ರಾತ್ರಿ ಎಂಟೂವರೆ. ಊರು ಬಾಗಿಲು ಹಾಕುತ್ತಿತ್ತು. ಜನ ಇದ್ದದ್ದು ಒಂದೇ ಕಡೆ, ನೀಲಿ ಟಾರ್ಪಾಲಿನ ಅಡಿಯಲ್ಲಿ ಗೋಬಿ ಗಾಡಿಯ ಸುತ್ತ.

ನನಗೆ ಗೋಬಿ ಬೇಡವಾಗಿತ್ತು. ಮಲೆನಾಡಿನ ಮಳೆಯಲ್ಲಿ ನಿಂತು ಗೋಬಿ ತಿನ್ನುವುದು ಅಂದರೆ ಒಂಥರಾ ಅವಮಾನ ಅನಿಸುತ್ತಿತ್ತು. ಆದರೆ ಹಸಿವು. ಬಾಣಲೆಯಲ್ಲಿ ಬೆಂಕಿ ಎತ್ತರಕ್ಕೆ ಏಳುತ್ತಿತ್ತು. ಗಾಡಿಯವನು ಸೌಟಿನಿಂದ ಬಾಣಲೆಯ ಅಂಚಿಗೆ ಹೊಡೆಯುವ ಸದ್ದು ಟಾರ್ಪಾಲಿನ ಮೇಲಿನ ಮಳೆಯ ಸದ್ದನ್ನೂ ಮೀರಿಸುತ್ತಿತ್ತು. ಪಕ್ಕದಲ್ಲಿ ಒಂದು ಸಂಸಾರ. ಸ್ಕೂಟರಿನಲ್ಲಿ ಬಂದ ಗಂಡ, ಹೆಂಡತಿ, ರೇನ್‌ಕೋಟ್ ಹಾಕಿದ ಇಬ್ಬರು ಹುಡುಗಿಯರು. ದೊಡ್ಡವಳಿಗೆ ಅವತ್ತು ಏನೋ ಮಾರ್ಕ್ಸ್ ಬಂದಿತ್ತು, ಅದರ ಪಾರ್ಟಿ. ಚಿಕ್ಕವಳು ಪ್ಲೇಟ್ ನೋಡಿ, "ಕೆಂಪೇ ಇಲ್ಲ ಇದು" ಅಂತ ತಕರಾರು ತೆಗೆದಳು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವ ಹಾಗಿಲ್ಲ ಅಂತ ಆದೇಶ ಮಾಡಿದೆಯಲ್ಲ, ಗಾಡಿಯವನು ಅದನ್ನು ಪಾಲಿಸುತ್ತಿದ್ದ. ಅವರಮ್ಮ ಅವಳಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. "ಮನೇಲಿ ನಾ ಮಾಡಿದ್ರೆ ಹಿಂಗೂ ಬರೂದಿಲ್ಲ, ಸುಮ್ನೆ ತಿನ್ನು."

ಆ ಮನೆಯಲ್ಲಿ ಬೆಳಿಗ್ಗೆ ಬಹುಶಃ ತೆಳ್ಳಗಿನ ದೋಸೆ, ತೆಳ್ಳೇವು ಇತ್ತು, ಮಧ್ಯಾಹ್ನ ಯಾವುದೋ ಸೊಪ್ಪಿನ ತಂಬುಳಿ ಇತ್ತು. ಮನೆಯ ಒಲೆಯಲ್ಲಿ ಏಳದ ಬೆಂಕಿ, ಮನೆಯ ಎಣ್ಣೆಯಲ್ಲಿ ಬಾರದ ಗರಿ, ಅಮ್ಮ ತರದ ಸಾಸು. ಅದಕ್ಕಾಗಿ ಅವರು ಮಳೆಯಲ್ಲಿ ಸ್ಕೂಟರ್ ಹೊಡೆದುಕೊಂಡು ಬಂದಿದ್ದರು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಹಿಂದಿನವರು ಅಂಗಡಿ ಸಾಲಿನಲ್ಲಿ ಏನು ಹುಡುಕುತ್ತಿದ್ದರೋ ಇವರಿಗೆ ಅದು ಈಗ ವಾರಕ್ಕೊಮ್ಮೆ ಸಿಗುತ್ತಿದೆ. ನಾವೋ, ಅವರು ಮನೆಯಲ್ಲಿ ಬಿಟ್ಟು ಬಂದದ್ದನ್ನು ಹುಡುಕಿಕೊಂಡು ನಾನೂರು ಕಿಲೋಮೀಟರ್ ಹೋಗಿದ್ದೆವು. ಗೋಬಿ ಚೆನ್ನಾಗಿಯೇ ಇತ್ತು. ಬೆಳ್ಳುಳ್ಳಿ ಜಾಸ್ತಿ, ಸಕ್ಕರೆ ಕಡಿಮೆ. ಇವರು ಮೀನಿನ ದುಃಖ ಮರೆತು ಎರಡನೇ ಪ್ಲೇಟ್ ತಗೊಂಡರು.

ಮತ್ತೆ ಅದೇ ಜಾಗ

ಜಗಳದಲ್ಲಿ ಇವರೇ ಗೆದ್ದು, ಬೆಳಗಿನ ತಿಂಡಿಗೆ ನಾವು ಕೊನೆಯವರೆಗೂ ಆ ಮಿಸಳ್ ಹೋಟೆಲಿಗೇ ಹೋದೆವು. ನನಗೆ ಮೊದಲು ಬೇಜಾರಿತ್ತು. ಆದರೆ ಎರಡನೇ ಬೆಳಿಗ್ಗೆ ಸಪ್ಲೈಯರ್ ಕೇಳದೆಯೇ ಇವರ ಮುಂದೆ ಮಿಸಳ್ ಇಟ್ಟ, ನನ್ನ ಕಡೆ ತಿರುಗಿ "ಬನ್ಸ್ ಬಿಸಿ ಬರ್ತಾ ಉಂಟು, ಐದು ನಿಮಿಷ ಕೂರಿ" ಅಂದ. ಮೊದಲ ದಿನ ನಮಗೆ ಕೊಟ್ಟದ್ದು ಆರಿದ ಬನ್ಸ್ ಅಂತ ಆಗ ಗೊತ್ತಾಯಿತು. ಅದರ ಮರುದಿನ ಎದುರಿಗೆ ಪೇಪರ್ ಓದುತ್ತಿದ್ದವರು ತಲೆ ಎತ್ತಿ, ಯಾವ ಊರು, ಎಷ್ಟು ದಿನ ಇರ್ತೀರಿ ಅಂತ ಕೇಳಿದರು. ಬೆಂಗಳೂರು ಅಂದದ್ದಕ್ಕೆ "ಹೋ, ನಮ್ಮ ತಮ್ಮನ ಮಗನೂ ಅಲ್ಲೇ" ಅಂದು ಮತ್ತೆ ಪೇಪರ್ ಎತ್ತಿಕೊಂಡರು. ಅಷ್ಟೇ ಮಾತು. ಹೊಸ ಜಾಗ ಹುಡುಕುತ್ತಾ ಊರು ಸುತ್ತಿದವಳು ನಾನು. ಒಂದೇ ಬೆಂಚಿನ ಮೇಲೆ ಮತ್ತೆ ಮತ್ತೆ ಕೂತ ಇವರಿಗೆ ನನಗಿಂತ ಜಾಸ್ತಿ ಸಂಗತಿ ತಿಳಿದಿತ್ತು. ಯಾವ ದಿನ ಶಿರಾಕ್ಕೆ ಅನಾನಸ್ ಹಾಕುತ್ತಾರೆ, ಯಾವ ಸಪ್ಲೈಯರ್ ಸೇವು ಧಾರಾಳವಾಗಿ ಹಾಕುತ್ತಾನೆ, ಚಹಾ ಯಾವಾಗ ಹೊಸದಾಗಿ ಇಳಿಸುತ್ತಾರೆ, ಎಲ್ಲ.

ನಾವು ಹೊರಡುವ ದಿನ ಶುಕ್ರವಾರ, ರಾತ್ರಿ ಬಸ್ಸು. ಬೆಳಿಗ್ಗೆ ಬಿಲ್ ಕೊಡುವಾಗ ಗಲ್ಲಾದವರು ಇವರಿಗೆ ಹೇಳಿದರು, "ನಾಳೆ ಬನ್ನಿ, ಕೆಸುವಿನೆಲೆ ಬಂದಿದೆ, ಪತ್ರೊಡೆ ಮಾಡ್ತಾರೆ. ಒಂಬತ್ತರ ಮೇಲೆ ಇರೂದಿಲ್ಲ." ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ ಇಟ್ಟು, ಬೇಕಾದಾಗ ಹೆಚ್ಚಿ ಒಗ್ಗರಣೆ ಹಾಕಬಹುದು, ಅದು ಹೋಟೆಲಿಗೆ ಒಗ್ಗುತ್ತದೆ ಅಂತ ನಾನು ರಸ್ತೆಯಲ್ಲಿ ಇವರಿಗೆ ವಿವರಿಸುತ್ತಾ ಬಂದೆ. ಇವರು ಕೇಳಿಸಿಕೊಳ್ಳುತ್ತಿರಲಿಲ್ಲ. ಫೋನ್ ತೆಗೆದು ಟಿಕೆಟ್ ಕ್ಯಾನ್ಸಲ್ ಮಾಡಿದರೆ ಎಷ್ಟು ಹಣ ವಾಪಸ್ ಬರುತ್ತದೆ ಅಂತ ನೋಡುತ್ತಿದ್ದರು. ಅರ್ಧಕ್ಕಿಂತ ಕಡಿಮೆ ಬರುತ್ತಿತ್ತು. "ಏನು ಮಾಡೋಣ?" ಅಂದರು. ಲಾಡ್ಜಿಗೆ ಬಂದು ರೂಮ್ ಇನ್ನೊಂದು ರಾತ್ರಿಗೆ ಇದೆಯಾ ಅಂತ ಕೇಳಿದೆವು. "ಇಲ್ಲ ಅಕ್ಕಾ, ವೀಕೆಂಡ್ ಅಲ್ವಾ, ಬೆಂಗಳೂರಿನವ್ರು ಪೂರ್ತಿ ಬುಕ್ ಮಾಡಿದಾರೆ" ಅಂದ ಹುಡುಗ.